ಮಾತಾಡುವ ಮೊಮ್ಮಗ, ಅಚ್ಚೊತ್ತುವ ಅಜ್ಜ

ಅಂಧರ ಶಾಲೆಯ ಅಚ್ಚುಕೂಟದಲ್ಲಿ ಆಕೆಯ ನಿಜವಾದ ಹೆಸರು ಹಾಜರಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಆಕೆ ಚುಕ್ಕಿಯಮ್ಮ. ಆ ಅಚ್ಚುಕೂಟದಲ್ಲಿ ಶಾಯಿ ಇರಲಿಲ್ಲ. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿಗಳನ್ನು ಗುದ್ದುವ ಯಂತ್ರವೊಂದಿತ್ತು. ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳು ಅಲ್ಲಿ ತಯಾರಾಗುತ್ತಿದ್ದವು. ಯಂತ್ರದ ಸದ್ದು ತಡೆಯಲಾರದೆ ಅದನ್ನು ಸ್ಪಂಜು ಹೊದಿಸಿದ ಮರದ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಆದರೂ ಮಹಡಿಯ ಮೇಲಿನ ಸಂಗೀತದ ತರಗತಿಯವರು ತಾಳ ತಪ್ಪಿದಾಗಲೆಲ್ಲ ಅದರ ಮೇಲೇ ಗೂಬೆ ಕೂರಿಸುತ್ತಿದ್ದರು.

ಚುಕ್ಕಿಯಮ್ಮನ ಕಣ್ಣು ಹೋದದ್ದು ಬಾಲ್ಯದಲ್ಲಿ ಬಂದ ದಡಾರದಿಂದ. ಅಪ್ಪ ಅಮ್ಮ ತೀರಿಹೋದ ಮೇಲೆ ಅಕ್ಕನ ಜೊತೆಗೇ ಇದ್ದಳು. ಅಕ್ಕ ಮನೆಯ ಮುಂಗೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಅಕ್ಕ ತಂಗಿಗಾಗಿ ಆಗಲಿಲ್ಲವೆಂದು ನೆಂಟರು ಹೇಳುತ್ತಿದ್ದರು, ಅಕ್ಕನ ನಾಲಿಗೆಗೆ ಹೆದರಿ ಯಾರೂ ಬರಲಿಲ್ಲವೆಂದು ಅಕ್ಕನೇ ಹೇಳುತ್ತಿದ್ದಳು. ಇಸ್ತ್ರಿಪೆಟ್ಟಿಗೆಯ ಹತ್ತಿರ ತಂಗಿಯನ್ನು ಅವಳು ಸುಳಿಯಗೊಡುತ್ತಿರಲಿಲ್ಲ. ಬೆರಳ ತುದಿ ಸುಟ್ಟರೆ ಓದುವುದೆಲ್ಲಿಂದ, ಉಣ್ಣುವುದೆಲ್ಲಿಂದ?

ಅಚ್ಚುಕೂಟಕ್ಕೆ ಸೇರಿದ ಹೊಸತರಲ್ಲಿ ಚುಕ್ಕಿಯಮ್ಮನದು ಕಾಗದ ಮಡಿಸುವ ಕೆಲಸ. ಆಮೇಲೆ ತಿದ್ದುವ ಕೆಲಸ ಕೊಟ್ಟರು. ಆದರೆ ತಪ್ಪು ಕಂಡರೂ ಅದನ್ನು ತಾನೇ ಸರಿಮಾಡುವಂತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಟೈಪಿಸ್ಟಿಗೆ ಹೇಳಬೇಕು, ಅವಳಿಗೆ ಮನಸ್ಸು ಬಂದಾಗ ತಿದ್ದುತ್ತಾಳೆ. "ಒಂದು ಚುಕ್ಕಿಗೆ ಇಷ್ಟೊಂದು ರಾಮಾಯಣವೇ" ಎಂದು ಆ ಟೈಪಿಸ್ಟು ನಿಟ್ಟುಸಿರು ಬಿಡುತ್ತಿದ್ದಳು. ಚುಕ್ಕಿಯಮ್ಮ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಅವಳ ಫೋನಿನ ಮಾತು ಮುಗಿಯಲೆಂದು ಕಾಯುತ್ತಿದ್ದಳು.

ಆ ಟೈಪಿಸ್ಟು ಬೇರೆ ಕೆಲಸ ಹಿಡಿದು ಹೋದ ವರ್ಷವೇ ಶಾಲೆಗೆ ಮಾತಾಡುವ ಕಂಪ್ಯೂಟರ್ ಬಂತು. ಪರದೆಯ ಮೇಲೇನಿದೆಯೋ ಅದನ್ನು ದನಿಯೊಂದು ಹೆಡ್‌ಫೋನಿನೊಳಗೆ ಓದಿ ಹೇಳುತ್ತಿತ್ತು. ಚುಕ್ಕಿಯಮ್ಮ ಕೀಲಿಗಳನ್ನು ಕಲಿತಳು. ಪಠ್ಯವನ್ನು ಬ್ರೈಲಿಗೆ ತಿರುಗಿಸುವ ಪ್ರೋಗ್ರಾಮನ್ನೂ ಕಲಿತಳು. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು, ಕೋಷ್ಟಕವನ್ನು ಹೇಗೆ ಬಿಡಿಸಿ ಬರೆಯಬೇಕು ಎಂಬುದನ್ನೆಲ್ಲ ತಾನೇ ತೀರ್ಮಾನಿಸಿ, ತಾನೇ ಯಂತ್ರಕ್ಕೆ ಕಳಿಸಿ, ಬಿಸಿಬಿಸಿ ಕಾಗದವನ್ನು ತಾನೇ ಬೆರಳಿನಿಂದ ಓದಿದ ದಿನ ಅವಳು ಮನೆಗೆ ಹೋಗಿ ಊಟಕ್ಕೂ ಕೂರಲಿಲ್ಲವಂತೆ. "ಏನಾಯ್ತೇ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಅಕ್ಕ ಕೇಳಿದರೆ, "ಇವತ್ತು ಯಾರೂ ಏನೂ ಅನ್ನಲಿಲ್ಲ ಅಕ್ಕ, ಅದೇ" ಎಂದಳಂತೆ.

ಅಂದಿನಿಂದ ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಅವಳದೇ ರಾಜ್ಯ. ಹಾಗೆ ಬಹಳ ವರ್ಷ ನಡೆಯಿತು.

ಒಂದು ಬೇಸಿಗೆಯಲ್ಲಿ ಆ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದನ್ನೇನೋ ಶಾಲೆ ತರಿಸಿತು, ಆದರೆ ಹಳೆಯದನ್ನು ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಅದರಲ್ಲಿ ಏಳಲೇ ಇಲ್ಲ. ಬ್ರೈಲ್ ಯಂತ್ರ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಯಂತ್ರವನ್ನು ನಡೆಸುವ ಅವರ ಪ್ರೋಗ್ರಾಮು ಈಗಿನ ಯಾವ ದುಬಾರಿ ಸಿಸ್ಟಮ್ಮಿಗೂ ಒಗ್ಗುವಂತಿರಲಿಲ್ಲ. ಪುಣ್ಯಕ್ಕೆ ಅದೇ ಕಂಪನಿ ಮುಚ್ಚುವ ಮೊದಲು ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮಿಗೆಂದು ಒಂದು ಪ್ರತಿ ಮಾಡಿಟ್ಟಿತ್ತು. ಹಾಗಾಗಿ ಲಿನಕ್ಸ್ ಮನೆತನದ್ದೇ ಯಾವುದಾದರೊಂದನ್ನು ಹಾಕೋಣವೆಂದು ರೇಡಿಯೊ ಅಣ್ಣ ಹೇಳಿದರು. ಅವರು ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು, ಕಾಲಕ್ಕೆ ತಕ್ಕ ಹಾಗೆ ಟಿ.ವಿ., ಆಮೇಲೆ ಕಂಪ್ಯೂಟರ್ ಎಂದು ಕೈ ಬದಲಿಸಿಕೊಂಡವರು. ಶಾಲೆಯ ಯಂತ್ರಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು.

ಈ ಮನೆತನದಲ್ಲಿ ಅಣ್ಣತಮ್ಮಂದಿರು ನೂರಾರು ಮಂದಿ, ಆದರೆ ನಮ್ಮ ಭಾಷೆ, ನಮ್ಮ ಯಂತ್ರ ಎರಡೂ ಕೂಡಿ ಬರುವಂಥವು ಎರಡೇ ಎಂದು ಅವರು ಒಂದು ವಾರ ಹುಡುಕಿ ತಂದರು. ಒಂದಕ್ಕೆ ಅಜ್ಜನೆಂದೂ ಇನ್ನೊಂದಕ್ಕೆ ಮೊಮ್ಮಗನೆಂದೂ ಹೆಸರಿಟ್ಟರು. ಅಜ್ಜ ನಿಧಾನಿ, ಹಳೆಯದನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಕಂಪನಿಯ ಪ್ರೋಗ್ರಾಮು ಅವನಲ್ಲಿ ಸಲೀಸಾಗಿ ಓಡುತ್ತದೆ. ಆದರೆ ಮಾತು ಸರಿಯಾಗಿ ಬಾರದು. ಉಳಿದ ಕಡೆ ತೊದಲುತ್ತಾನೆ, ಬ್ರೈಲ್ ಪ್ರೋಗ್ರಾಮಿನ ಕಿಟಕಿ ತೆರೆದ ಕೂಡಲೇ ಮೂಕನಾಗುತ್ತಾನೆ. ಮೊಮ್ಮಗ ಚುರುಕು, ಎಲ್ಲ ಕಿಟಕಿಯೊಳಗೂ ಅರಳು ಹುರಿದಂತೆ ಮಾತಾಡುತ್ತಾನೆ. ಆದರೆ ಹಳೆಯ ಪ್ರೋಗ್ರಾಮು ಅವನಿಗೆ ಗೊತ್ತೇ ಇಲ್ಲ; ಬೇರೆ ಯಾರೋ ಬರೆದ ಬದಲಿ ಪ್ರೋಗ್ರಾಮಿನಿಂದ ಯಂತ್ರ ನಡೆಸಬೇಕು.

ಅಜ್ಜನ ಹೊಟ್ಟೆಯೊಳಗೆ ಮೊಮ್ಮಗನನ್ನು ಕೂರಿಸುವುದಕ್ಕೂ ರೇಡಿಯೊ ಅಣ್ಣ ನೋಡಿದರು. ಹಾಗೆ ಒಂದರೊಳಗೆ ಇನ್ನೊಂದನ್ನು ನಡೆಸಬಹುದಂತೆ. ಆದರೆ ಕಂಪ್ಯೂಟರಿಗೆ ಅಷ್ಟು ತ್ರಾಣವಿರಲಿಲ್ಲ, ಒಂದು ಕೀಲಿ ಒತ್ತಿದರೆ ದನಿ ಬರುವಷ್ಟರಲ್ಲಿ ಆಕಳಿಸಿ ಮುಗಿಸಬಹುದಿತ್ತು. ಎರಡು ಕಂಪ್ಯೂಟರ್ ಇಟ್ಟರೂ ಕೆಲಸ ಆಗುವುದಿಲ್ಲ, ಏಕೆಂದರೆ ಸಾಲು ಪುಟ ಹೊಂದಿಸುವುದು ಯಂತ್ರದ ಪ್ರೋಗ್ರಾಮಿನೊಳಗೇ. ಅಲ್ಲಿ ದನಿಯಿಲ್ಲದಿದ್ದರೆ ಕಣ್ಣಿರುವವರೇ ಕೂರಬೇಕು.

ಅಚ್ಚುಕೂಟದ ಮ್ಯಾನೇಜರು ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು ಚುಕ್ಕಿಯಮ್ಮನ ಕಡೆ ತಿರುಗಿದರು.

"ಅಮ್ಮಾ, ಕೂತು ಕೆಲಸ ಮಾಡೋರು ನೀವು. ಎರಡರಲ್ಲೂ ಮಾಡಿ ನೋಡಿ, ಯಾವುದು ಅಂತ ನೀವೇ ಹೇಳಿ. ನಾನು ಅದಕ್ಕೇ ಸಹಿ ಹಾಕ್ತೀನಿ."

ಅಜ್ಜನಿಂದ ಒತ್ತಿಸಿದ ಪುಸ್ತಕವನ್ನು ಅವಳು ಮೊದಲು ಓದಿದಳು. ಎಲ್ಲಿಯೂ ಎಡವಲಿಲ್ಲ. ಆದರೆ ಅದನ್ನು ಹೊಂದಿಸಿಕೊಟ್ಟವರು ರೇಡಿಯೊ ಅಣ್ಣ. ಚುಕ್ಕಿಯಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಆಮೇಲೆ ಮೊಮ್ಮಗನ ಸರದಿ. ಹೆಡ್‌ಫೋನ್ ಹಾಕಿದೊಡನೆ ದನಿ ಕಿವಿ ತುಂಬಿತು. ಯಾರ ಹಂಗೂ ಇಲ್ಲದೆ ಇಡೀ ಪುಸ್ತಕ ಹೊಂದಿಸಿ ಕಳಿಸಿದಳು, ಪೆಟ್ಟಿಗೆಯೊಳಗೆ ಯಂತ್ರ ಟಕಟಕ ಗುದ್ದಿತು. ಕಾಗದವನ್ನು ಮಡಿಲಲ್ಲಿಟ್ಟು ಓದತೊಡಗಿದಳು. ಶುರುವಿನ ಪುಟಗಳು ಚೊಕ್ಕವಾಗಿದ್ದವು. ಮುಂದೊಂದು ಕಡೆ ಒಂದು ಅಕ್ಷರ ಇರಲಿಲ್ಲ. ತಗ್ಗಿಲ್ಲ, ಖಾಲಿ ಜಾಗವಿಲ್ಲ, ಅಕ್ಕಪಕ್ಕದ ಅಕ್ಷರಗಳು ಏನೂ ಆಗದವರ ಹಾಗೆ ಕೂಡಿಕೊಂಡಿದ್ದವು. ಇನ್ನೂ ಮುಂದೆ ಮತ್ತೊಂದು ಹೀಗೇ ಬಿದ್ದುಹೋಗಿತ್ತು.

"ಹೇಗಿದೆ ಚುಕ್ಕಿಯಮ್ಮ?" ಎಂದು ರೇಡಿಯೊ ಅಣ್ಣ ಕೇಳಿದರು. ಕಣ್ಣಿಗೆ ಅದು ಬರೀ ಬಿಳಿ ಕಾಗದ, ಮೇಲೆ ಬೆವರುಸಾಲೆಯಂಥ ಗುಳ್ಳೆಗಳು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಅವಳೊಬ್ಬಳೇ.

"ಸರಿ ಇದೆ" ಎಂದಳು ಚುಕ್ಕಿಯಮ್ಮ. "ಮೊಮ್ಮಗನೇ ಇರಲಿ."

ಹೇಳಿದ ಮೇಲೆ ಸಮಾಧಾನಕ್ಕೆ ಕಾರಣಗಳು ಸಾಲುಗಟ್ಟಿ ಬಂದವು. ಮೊದಲ ಪ್ರತಿ ಓದುವುದು ಹೇಗೂ ತನ್ನದೇ ಕೆಲಸ. ಬಿದ್ದ ಅಕ್ಷರವನ್ನು ಹುಡುಕಿ ಸರಿಮಾಡಿದರಾಯಿತು, ಯಾರಿಗೇನು ನಷ್ಟ? ಮನೆಯಲ್ಲಿ ವಿಷಯ ಹೇಳಿದಾಗ ಅಕ್ಕನೂ ಹಾಗೇ ಅಂದಳು. ಮತ್ತೆ ಟೈಪಿಸ್ಟು ಬಂದರೆ ಇವಳನ್ನು ಕಾಗದ ಮಡಿಸಲು ಹಾಕುತ್ತಾರೆ, ಊರ ಉಸಾಬರಿ ಹೊತ್ತು ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದು ಯಾವ ಬುದ್ಧಿವಂತಿಕೆ ಎಂಬುದು ಅಕ್ಕನ ವಾದ.

ಆಗ ಶಾಲೆಗಳಿಗೆ ಗಣಿತದ ಪುಸ್ತಕ ಹೋಗಬೇಕಿತ್ತು. ಮೊದಲ ಪ್ರತಿಯಲ್ಲಿ ಬಿದ್ದಿದ್ದ ಅಕ್ಷರಗಳನ್ನು ಗುರುತು ಹಾಕಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದರೆ, ಅಲ್ಲಿ ಎಲ್ಲವೂ ಸರಿಯಾಗಿಯೇ ಇದ್ದವು. ಅಂದರೆ ತಪ್ಪು ಪಠ್ಯದ್ದಲ್ಲ. ಅನುಮಾನ ಬಂದು ಎರಡನೆಯ ಪ್ರತಿ ಓದಿದಳು. ಮೊದಲಿನ ಕಡೆ ಸರಿಯಿತ್ತು, ಬೇರೆ ಕಡೆ ಬಿದ್ದಿತ್ತು. ಮೂರನೆಯದರಲ್ಲಿ ಇನ್ನೆಲ್ಲೋ. ಒಂದು ಪ್ರತಿ ತಿದ್ದಿದರೆ ಎಲ್ಲ ಪ್ರತಿಗಳೂ ತಿದ್ದಿದಂತೆ ಎಂದು ನಂಬಿಕೊಂಡಿದ್ದ ಅವಳ ಲೆಕ್ಕಾಚಾರವೆಲ್ಲ ಅಲ್ಲಿಗೆ ತಲೆಕೆಳಗಾಯಿತು.

ಆಗಲಾದರೂ ಹೇಳಬಹುದಿತ್ತು. ಆದರೆ ಮೊದಲ ದಿನ ಬಾಯಿಗೆ ಬಾರದ ಮಾತು ಎಂಟನೆಯ ದಿನ ಇನ್ನೂ ಭಾರವಾಗಿರುತ್ತದೆ. ಅವಳು ಪ್ರತಿಯೊಂದು ಪ್ರತಿಯನ್ನೂ ತಾನೇ ಓದತೊಡಗಿದಳು. ಕೆಟ್ಟ ಹಾಳೆಯನ್ನು ಕಿತ್ತು ಬೇರೆ ಒತ್ತಿಸುವುದು, ಅದನ್ನೂ ಓದುವುದು. ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಬೈಂಡಿಂಗಿನವರು ಪುಸ್ತಕ ಕೇಳಿ ಕೇಳಿ ಸಾಕಾದರು. ಇಷ್ಟು ಶ್ರದ್ಧೆಯ ಕೆಲಸಗಾರರು ಈ ಕಾಲದಲ್ಲಿ ಸಿಗುವುದಿಲ್ಲವೆಂದು ಮ್ಯಾನೇಜರು ಮೆಚ್ಚಿ ಮಾತಾಡಿದಾಗ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೆರಳ ತುದಿಗಳು ಜೋಮು ಹಿಡಿದು, ಸಂಜೆಯ ಹೊತ್ತಿಗೆ ಚುಕ್ಕಿಗೂ ಕಾಗದಕ್ಕೂ ವ್ಯತ್ಯಾಸ ತಿಳಿಯದಂತಾಗುತ್ತಿತ್ತು.

ಅಂಥದೊಂದು ಸಂಜೆ ಪೋಸ್ಟಣ್ಣನ ಹಾಳೆ ಬಂತು.

ಪೋಸ್ಟಣ್ಣ ಅಂಚೆ ಹಂಚುತ್ತಿದ್ದವರು. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ, ಆ ವಯಸ್ಸಿನಲ್ಲಿ ಚುಕ್ಕಿಯಮ್ಮನ ಹತ್ತಿರ ಬ್ರೈಲ್ ಕಲಿತಿದ್ದರು. ಊರಿಗೆಲ್ಲ ಕಾಗದ ಕೊಟ್ಟವನಿಗೆ ಈಗ ನೀನು ಕಾಗದ ಕೊಡ್ತಿದ್ದೀಯಲ್ಲ ಟೀಚರಮ್ಮ ಎಂದು ನಗುತ್ತಿದ್ದರು. ಹೆಂಡತಿಗೆ ಓದು ಬರಹ ಅಷ್ಟಕ್ಕಷ್ಟೇ. ಹಾಗಾಗಿ ಡಾಕ್ಟರು ಔಷಧ ಬದಲಿಸಿದಾಗಲೆಲ್ಲ ಆ ಚೀಟಿಯನ್ನು ಅಚ್ಚುಕೂಟಕ್ಕೆ ತಂದು ಬ್ರೈಲಿನಲ್ಲಿ ಒತ್ತಿಸಿಕೊಂಡು ಹೋಗುತ್ತಿದ್ದರು. ಆ ದಿನ ಚೀಟಿಯನ್ನು ಮ್ಯಾನೇಜರು ಓದಿದರು, ಚುಕ್ಕಿಯಮ್ಮ ಟೈಪು ಮಾಡಿದಳು. ಬೆಳಿಗ್ಗೆ ಊಟಕ್ಕೆ ಮೊದಲು ಇನ್ಸುಲಿನ್ ಹದಿನಾರು ಯೂನಿಟ್. ಗಣಿತದ ಪುಸ್ತಕದ ಬಾಲಕ್ಕೇ ಆ ಹಾಳೆಯೂ ಅಂಟಿಕೊಂಡು ಯಂತ್ರದಿಂದ ಹೊರಬಂತು. ಒಂದೇ ಹಾಳೆಯಲ್ಲವೇ ಎಂದು ಮೇಲಿನ ಸಾಲಿನ ಮೇಲೆ ಬೆರಳಾಡಿಸಿ ಅವಳು ಕೊಟ್ಟುಬಿಟ್ಟಳು.

ಕೆಲವು ವಾರಗಳ ನಂತರ ಪೋಸ್ಟಣ್ಣ ಆಸ್ಪತ್ರೆ ಸೇರಿದ್ದಾರೆಂದು ಸುದ್ದಿ ಬಂತು. ಸಕ್ಕರೆ ವಿಪರೀತ ಏರಿ, ಬಚ್ಚಲಲ್ಲಿ ಕುಸಿದು ಬಿದ್ದಿದ್ದರಂತೆ. ಅಕ್ಕನ ಕೈ ಹಿಡಿದು ಚುಕ್ಕಿಯಮ್ಮ ನೋಡಲು ಹೋದಳು. ವಾರ್ಡಿನಲ್ಲಿ ಫಿನಾಯಿಲ್ ವಾಸನೆ, ಪಕ್ಕದ ಹಾಸಿಗೆಯಲ್ಲಿ ಯಾರದೋ ಗೊರಕೆ. ಪೋಸ್ಟಣ್ಣನ ದನಿ ಬತ್ತಿಹೋಗಿತ್ತು.

"ನಂದೇ ತಪ್ಪು ಟೀಚರಮ್ಮ" ಎಂದರು. "ಈ ಸಲ ಡಾಕ್ಟ್ರು ಡೋಸು ಬದಲಾಯಿಸ್ತೀನಿ ಅಂದಿದ್ರು. ಹಾಳೆ ನೋಡಿದ್ರೆ ಆರು ಅಂತಿತ್ತು. ಪರವಾಗಿಲ್ವೇ, ಇಷ್ಟು ಇಳಿಸಿದ್ದಾರೆ ಅಂದ್ರೆ ನಾನು ಗೆದ್ದೆ ಅಂದ್ಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ. ದಿನಾ ಆರೇ ತಗೊಂಡೆ."

ಚುಕ್ಕಿಯಮ್ಮ ಮಂಚದ ಕಂಬಿ ಹಿಡಿದುಕೊಂಡಳು. ಬ್ರೈಲಿನಲ್ಲಿ ಹದಿನಾರು ಬರೆಯಬೇಕೆಂದರೆ ಮೊದಲು ಅಂಕಿಯ ಗುರುತು, ಆಮೇಲೆ ಒಂದು, ಆಮೇಲೆ ಆರು. ನಡುವಿನ ಒಂದು ಬಿದ್ದುಹೋಗಿ ಆರು ಮುಂದೆ ಸರಿದು ಕೂತಿತ್ತು. ತಾನು ಹದಿನಾರೆಂದು ಒತ್ತಿದ್ದು ಅವಳ ಬೆರಳಿಗೆ ಚೆನ್ನಾಗಿ ನೆನಪಿತ್ತು. ಬೇಗ ಗುಣವಾಗಲಿ ಎಂದಷ್ಟೇ ಹೇಳಿ ಹೊರಬಂದಳು.

ದಾರಿಯಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕ ಅಲ್ಲೇ ರಸ್ತೆ ಬದಿಯಲ್ಲಿ ನಿಂತುಬಿಟ್ಟಳು.

"ಅವರೇ ತಮ್ಮ ತಪ್ಪು ಅಂತಿದ್ದಾರಲ್ಲ. ಬಾಯಿ ಬಿಟ್ರೆ ಬಣ್ಣಗೇಡು. ಸುಮ್ನೆ ಇದ್ದುಬಿಡು."

"ಅವರ ತಪ್ಪಲ್ಲ ಅಲ್ವಾ ಅಕ್ಕ."

"ಗೊತ್ತು ಕಣೆ" ಎಂದಳು ಅಕ್ಕ. ಮನೆಯಲ್ಲಿ ಅಕ್ಕ ಯಾರದೋ ಬಿಳಿ ಅಂಗಿಯನ್ನು ಕಂದು ಬರುವಷ್ಟು ಸುಟ್ಟಳು. ಇಷ್ಟು ವರ್ಷಗಳಲ್ಲಿ ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಚುಕ್ಕಿಯಮ್ಮ ಮ್ಯಾನೇಜರ ಕೋಣೆಗೆ ಹೋಗಿ ನಿಂತೇ ಎಲ್ಲ ಹೇಳಿದಳು. ಅವರು ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ಮೊದಲ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಿದ್ರೆ ನಾನು ನಿಮ್ಮನ್ನ ತೆಗೆದುಹಾಕ್ತೀನಿ ಅಂದ್ಕೊಂಡ್ರಾ?"

"ಇಲ್ಲ. ಸ್ಟೂಲಿನ ಮೇಲೆ ಕೂರಿಸ್ತೀರ ಅಂದ್ಕೊಂಡೆ."

ಮ್ಯಾನೇಜರು ಎದ್ದು ಹೋಗಿ ಶಾಲೆಗಳಿಗೆ ಫೋನು ಮಾಡಿ, ಮೊಮ್ಮಗನಿಂದ ಒತ್ತಿಸಿ ಕಳಿಸಿದ ಪುಸ್ತಕಗಳನ್ನೆಲ್ಲ ವಾಪಸು ತರಿಸಲು ಹೇಳಿದರು. ಬೈಗುಳ ಬಿದ್ದಿದ್ದರೆ ವಾಸಿ ಇತ್ತು ಎಂದು ಚುಕ್ಕಿಯಮ್ಮನಿಗೆ ಅನ್ನಿಸಿತು.

ರೇಡಿಯೊ ಅಣ್ಣ ಬಂದು ನೋಡಿದರು. ಕಂಪನಿಯ ಪ್ರೋಗ್ರಾಮು ಹಳೆಯ ಯಂತ್ರ ನುಂಗುವಷ್ಟನ್ನೇ ತುತ್ತುತುತ್ತಾಗಿ ಕೊಡುತ್ತಿತ್ತು, ಬದಲಿ ಪ್ರೋಗ್ರಾಮು ಒಂದೇ ಸಲಕ್ಕೆ ಸುರಿಯುತ್ತಿತ್ತು. ಉದ್ದನೆಯ ಕೆಲಸದಲ್ಲಿ ಯಂತ್ರ ಉಸಿರುಕಟ್ಟಿ ಅಲ್ಲೊಂದು ಇಲ್ಲೊಂದು ಅಕ್ಷರ ಚೆಲ್ಲುತ್ತಿತ್ತು. ವೇಗ ಇಳಿಸಿ ನೋಡಿದರು. ತಪ್ಪು ಕಡಿಮೆಯಾಯಿತು, ನಿಲ್ಲಲಿಲ್ಲ. ಇನ್ನಷ್ಟು ಇಳಿಸಿದರು. ಚುಕ್ಕಿಯಮ್ಮ ಪುಟದಿಂದ ಪುಟಕ್ಕೆ ಬೆರಳಾಡಿಸಿ, ಇನ್ನೇನು ಮುಗಿಯಿತು ಎನ್ನುವಾಗ ತಡೆದು ನಿಂತಳು.

"ಇಲ್ಲೊಂದು ಬಿದ್ದಿದೆ" ಎಂದಳು.

ರೇಡಿಯೊ ಅಣ್ಣ ಕಾಗದವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಅವತ್ತೇ ಹೇಳಿದ್ದರೆ ಅವತ್ತೇ ಇದನ್ನೆಲ್ಲ ನೋಡಬಹುದಿತ್ತು, ನನ್ನ ಕಣ್ಣಿಗೆ ಇದು ಕಾಣುವುದಿಲ್ಲವಲ್ಲ ಅಮ್ಮ ಎಂದರು. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಅದೇ ದಿನ ಮೊಮ್ಮಗನನ್ನು ಅಳಿಸಿ ಅಜ್ಜನನ್ನು ಹಾಕಿದರು. ಅಜ್ಜನ ಹೊಸ ಆವೃತ್ತಿ ಬಂದಾಗ ಬ್ರೈಲ್ ಕಿಟಕಿಯೊಳಗೂ ಮಾತು ಬರಬಹುದೆಂದು ಅದನ್ನು ಮಾಡುವವರು ಬರೆದುಕೊಂಡಿದ್ದಾರೆ ಎಂದರು. ಯಾವಾಗ ಎಂದು ಅವರೂ ಹೇಳಿರಲಿಲ್ಲ.

ಪೋಸ್ಟಣ್ಣನಿಗೆ ಹೇಳುವುದು ಉಳಿದಿತ್ತು. ಅವರು ಮನೆಗೆ ಬಂದ ಮೇಲೆ ಹೋದಳು. ಅಕ್ಕ ಬಾಗಿಲ ಹೊರಗೇ ನಿಂತಳು. ಚುಕ್ಕಿಯಮ್ಮ ಹೇಳುತ್ತಿದ್ದಾಗ ಅವರ ಹೆಂಡತಿ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ತಿಳಿಯಿತು. ಮಾತು ಮುಗಿದ ಮೇಲೆ ಪೋಸ್ಟಣ್ಣ ಕೇಳಿದರು:

"ಅಂದ್ರೆ ನನ್ನ ಬೆರಳು ಸರಿಯಾಗೇ ಓದಿತ್ತಾ?"

"ಹೌದು. ನೀವು ಸರಿಯಾಗೇ ಓದಿದ್ರಿ. ನಾನು ತಪ್ಪು ಕೊಟ್ಟೆ."

"ಕಣ್ಣು ಹೋದಾಗ ಇಷ್ಟು ಬೇಜಾರಾಗಿರಲಿಲ್ಲ ಕಣಮ್ಮ" ಎಂದರು ಅವರು. ಟೀಚರಮ್ಮ ಎನ್ನಲಿಲ್ಲ. "ಕಣ್ಣು ಹೋದ್ರೆ ಯಾರನ್ನಾದ್ರೂ ಕೇಳಬಹುದು. ಓದಿದ್ದೇ ನಂಬೋ ಹಾಗಿಲ್ಲ ಅಂದ್ರೆ ಯಾರನ್ನ ಕೇಳಲಿ?"

ಅವಳು ಬಹಳ ಹೊತ್ತು ಕೂತಿದ್ದಳು. ಹೋಗು ಎಂದೂ ಅವರು ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಹೊರಡುವಾಗ ಹೆಂಡತಿ ಒಂದು ಲೋಟ ನೀರು ತಂದು ಕೈಗಿಟ್ಟಳು. ಅದು ಕ್ಷಮೆಯೋ ಬರೀ ಮರ್ಯಾದೆಯೋ ಎಂದು ಚುಕ್ಕಿಯಮ್ಮನಿಗೆ ತಿಳಿಯಲಿಲ್ಲ.

ಅಚ್ಚುಕೂಟಕ್ಕೆ ಹೊಸ ಟೈಪಿಸ್ಟು ಬಂದಳು. ಮೊದಲಿನವಳಂಥವಳಲ್ಲ, ಒಳ್ಳೆಯ ಹುಡುಗಿ. ಆದರೆ ಪಠ್ಯವನ್ನು ಗಟ್ಟಿಯಾಗಿ ಓದುವಾಗ ರೈಲು ತಪ್ಪಿಹೋಗುವವಳ ಹಾಗೆ ಓದುತ್ತಾಳೆ. ಸಾಲು ಎಲ್ಲಿ ಮುರಿಯಬೇಕೆಂದು ಚುಕ್ಕಿಯಮ್ಮ ಹೇಳುತ್ತಾಳೆ, ಅವಳು ಮುರಿಯುತ್ತಾಳೆ. ಕೆಲವೊಮ್ಮೆ ಮರೆಯುತ್ತಾಳೆ. ಚುಕ್ಕಿಯಮ್ಮನಿಗೆ ಸ್ಟೂಲು ಬೇಡವೆಂದು ಮ್ಯಾನೇಜರು ಕೈಯಿರುವ ಕುರ್ಚಿಯೊಂದನ್ನು ತರಿಸಿಕೊಟ್ಟರು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ತರಿಸಿದ್ದು ಎಂದು ಅವಳಿಗೆ ಗೊತ್ತು. ಆದರೂ ಆ ಕುರ್ಚಿಯಲ್ಲಿ ಕೂತಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಕೀಲಿಗಳಿರಬೇಕಾದ ಕಡೆ ಬೆರಳುಗಳು ಮಡಿಲಲ್ಲೇ ಒಂದೊಂದಾಗಿ ಅಲುಗುತ್ತವೆ. ರೇಡಿಯೊ ಅಣ್ಣ ಬಂದಾಗಲೆಲ್ಲ ಅಜ್ಜ ಮಾತು ಕಲಿತನೇ ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತಾರೆ.

ಪುಸ್ತಕಗಳಲ್ಲಿ ಈಗ ಅಕ್ಷರ ಬೀಳುವುದಿಲ್ಲ.

ಒಂದು ಮಧ್ಯಾಹ್ನ ಪೋಸ್ಟಣ್ಣನ ಹೆಂಡತಿ ಒಬ್ಬಳೇ ಬಂದಳು. ಡೋಸನ್ನು ಈಗ ಪಕ್ಕದ ಮನೆಯ ಮೇಷ್ಟರು ಓದಿ ಹೇಳುತ್ತಾರಂತೆ. ಆದರೆ ಯಜಮಾನರಿಗೆ ಹೊತ್ತು ಹೋಗುವುದಿಲ್ಲ, ಇಡೀ ದಿನ ಗೋಡೆಗೆ ಒರಗಿ ಕೂತಿರುತ್ತಾರೆ. ಏನಾದರೂ ಕಥೆಯ ಪುಸ್ತಕವಿದ್ದರೆ ಕೊಡಿ, ಲೆಕ್ಕ, ಅಂಕಿ ಇರುವುದು ಬೇಡ ಎಂದಳು. ಅವರೇ ಕೇಳಿದ್ದೇ ಎಂದು ಚುಕ್ಕಿಯಮ್ಮ ವಿಚಾರಿಸಿದಳು. ಇಲ್ಲ, ನಾನೇ ಬಂದೆ ಎಂದಳು ಆಕೆ.

ಚುಕ್ಕಿಯಮ್ಮ ಕಪಾಟಿನಿಂದ ತೆಳುವಾದ ಒಂದು ಕಥೆಯ ಪುಸ್ತಕ ತೆಗೆದು, ಆಕೆಯನ್ನು ಕೂರಿಸಿಕೊಂಡೇ ಮೊದಲಿನಿಂದ ಕೊನೆಯವರೆಗೂ ಓದಿದಳು. ನಡುವೆ ಟೈಪಿಸ್ಟು ಕರೆದರೂ ಏಳಲಿಲ್ಲ. ಓದಿ ಮುಗಿಸಿ ಪುಸ್ತಕವನ್ನು ಆಕೆಯ ಕೈಗಿಟ್ಟಳು.

ಮುಂದಿನ ತಿಂಗಳು ಆಕೆ ಅಕ್ಕನ ಅಂಗಡಿಗೆ ಬಟ್ಟೆ ತಂದಾಗ ಅಕ್ಕನೇ ಪುಸ್ತಕದ ಮಾತೆತ್ತಿದಳಂತೆ. ಅವರು ಇನ್ನೂ ತೆರೆದಿಲ್ಲ, ಆದರೆ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದಾರೆ, ತೆಗೆದಿಡಲು ಹೋದರೆ ಬೇಡ ಅನ್ನುತ್ತಾರೆ ಎಂದಳಂತೆ ಆಕೆ. ಅಕ್ಕ ಇದನ್ನು ಹೇಳಿದಾಗ ಚುಕ್ಕಿಯಮ್ಮ ಮಡಿಸಿದ ಬಟ್ಟೆಗಳನ್ನು ಒಟ್ಟಿಡುತ್ತಿದ್ದಳು. ಮತ್ತೊಮ್ಮೆ ಹೇಳು ಎಂದಳು. ಅಕ್ಕ ಬೈಯದೆ ಮತ್ತೊಮ್ಮೆ ಹೇಳಿದಳು.